ಐಕ್ಯೂ 74: ಯಾರ ಪಕ್ಕದಲ್ಲಿಟ್ಟು ಅಳೆದದ್ದು?

ಜಿಲ್ಲಾಸ್ಪತ್ರೆಯ ನನ್ನ ಕೋಣೆಗೆ ಬರುವ ತಂದೆತಾಯಿಯರು ಸಾಮಾನ್ಯವಾಗಿ ಕೇಳುವುದು ಒಂದೇ: "ಮೇಡಂ, ನಮ್ಮ ಹುಡುಗ ಎಷ್ಟ್ ಮಾರ್ಕ್ಸ್ ತಗೊಂಡಾನ್ರಿ?" ಶಾಲೆಯಲ್ಲಿ ನೂರಕ್ಕೆ ಅರವತ್ತು ಬಂದರೆ ಪಾಠದಲ್ಲಿ ಅಷ್ಟು ಗೊತ್ತಿದೆ ಎಂದರ್ಥ. ಐಕ್ಯೂ 60 ಎಂದರೆ ಹಾಗಲ್ಲ, ಅದು ಬರೀ ಹೋಲಿಕೆ. ಅದೇ ವಯಸ್ಸಿನ ಬೇರೆ ಮಕ್ಕಳು ಏನು ಮಾಡಬಲ್ಲರು ಎಂದು ನೋಡಿದ ಮೇಲಷ್ಟೇ ಆ ಅಂಕಿಗೆ ಬೆಲೆ. ಆ ಬೇರೆ ಮಕ್ಕಳು ಯಾರು, ಯಾವ ಕಾಲದವರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಲೆಕ್ಕ ಶುರುವಾದದ್ದು ಪ್ಯಾರಿಸ್‌ನಲ್ಲಿ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವ ದಾರಿ ಫ್ರಾನ್ಸ್ ಸರ್ಕಾರಕ್ಕೆ ಬೇಕಾಗಿತ್ತು. ಆಲ್ಫ್ರೆಡ್ ಬಿನೆ ಮತ್ತು ವೈದ್ಯ ತಿಯೋಡೋರ್ ಸಿಮೋನ್ 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆಯೊಂದನ್ನು ಹೊರತಂದರು. ಯಾವ ಪ್ರಶ್ನೆ ಯಾವ ವಯಸ್ಸಿಗೆ ಎಂಬುದನ್ನು ಮೇಜಿನ ಮುಂದೆ ಕುಳಿತು ತೀರ್ಮಾನಿಸುವಂತಿಲ್ಲ, ಮಕ್ಕಳಿಗೇ ಕೇಳಿ ನೋಡಬೇಕು. ಆರು ವರ್ಷದವರಲ್ಲಿ ಹೆಚ್ಚಿನವರು ಸರಿಯಾಗಿ ಉತ್ತರಿಸಿ, ಐದು ವರ್ಷದವರಲ್ಲಿ ಹೆಚ್ಚಿನವರು ತಪ್ಪಿದರೆ ಅದು ಆರರ ಪ್ರಶ್ನೆ. ಹೀಗೆ ಸೋಸಿದಾಗ ನಮಗೆ ಬಹಳ ಇಷ್ಟವಾದ ಪ್ರಶ್ನೆಗಳೇ ಮೊದಲು ಉದುರುತ್ತವೆ. ಮುಂದೆ ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಇದನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ತಿದ್ದಿ ಬೆಳೆಸಿದರು.

ಕನ್ನಡಕ್ಕೆ ಅದು ಬೇಗನೇ ಬಂತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ 1930ರ ದಶಕದಲ್ಲಿ ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ ಅಚ್ಚಾದದ್ದು 1940ರಲ್ಲಿ. ಅಷ್ಟು ಹಿಂದೆ ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಬರೆದುಕೊಂಡ ಆ ಶ್ರಮ ನೆನೆದರೆ ನನಗೆ ಈಗಲೂ ಗೌರವ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ನನ್ನ ಕಪಾಟಿನಲ್ಲೂ ಇದೆ.

ಲೆಕ್ಕ ಹೀಗೆ. ಒಂಬತ್ತು ವರ್ಷದ ಹುಡುಗ, ಅಂದರೆ 108 ತಿಂಗಳು. ಆರನೇ ವಯಸ್ಸಿನ ಆರೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುತ್ತಾನೆ: 72 ತಿಂಗಳು. ಏಳರಲ್ಲಿ ನಾಲ್ಕು ಸರಿ, ಒಂದಕ್ಕೆ ಎರಡು ತಿಂಗಳಂತೆ ಇನ್ನೂ ಎಂಟು. ಎಂಟರಲ್ಲಿ ಒಂದೂ ಇಲ್ಲ. ಒಟ್ಟು 80. ಅದನ್ನು 108ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 74. (ಪ್ರಶ್ನೆಗಳು ಯಾವುವು ಎಂದು ಹೇಳಲಾರೆ. ಬಯಲಾದ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಮನೆಯಲ್ಲೇ ಬಾಯಿಪಾಠ ಮಾಡಿಸಿ ಕರೆತಂದವರನ್ನೂ ಕಂಡಿದ್ದೇನೆ, ಅಂಗವಿಕಲರ ಪಿಂಚಣಿ ಆಸೆಗೆ "ಸುಮ್ನ ಕೂಡು" ಎಂದು ಹುಡುಗನ ತೊಡೆ ಚಿವುಟಿದವರನ್ನೂ.)

ಅಂಗವಿಕಲ ಪ್ರಮಾಣಪತ್ರದ ಲೆಕ್ಕದಲ್ಲಿ 70 ದೊಡ್ಡ ಗೆರೆ. 74 ಬಂದವನಿಗೆ ಸೌಲಭ್ಯ ಸಿಗುವುದು ಕಷ್ಟ. ಆದರೆ ಈ 74 ಬಂದದ್ದು ತೊಂಬತ್ತು ವರ್ಷ ಹಿಂದಿನ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ.

ಅದರಿಂದೇನು ಎಂದರೆ, ನ್ಯೂಜಿಲೆಂಡ್‌ನ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ್ದು ಇದನ್ನೇ: 1932ರಿಂದ 1978ರ ನಡುವೆ ಅಮೆರಿಕನ್ನರ ಸರಾಸರಿ ಸುಮಾರು 14 ಅಂಕ ಏರಿತ್ತು. ಬೇರೆ ಅನೇಕ ದೇಶಗಳಲ್ಲೂ ಅದೇ ಕಥೆ. ಜನರ ಮಿದುಳು ಬದಲಾಯಿತೆಂದಲ್ಲ. ಹೆಚ್ಚು ವರ್ಷ ಶಾಲೆ, ಒಳ್ಳೆಯ ಊಟ, ಕಡಿಮೆ ಕಾಯಿಲೆ, ಒಗಟಿನಂಥ ಪ್ರಶ್ನೆಗಳ ರೂಢಿ ಎಂದು ಹಲವು ಕಾರಣ ಹೇಳುತ್ತಾರೆ. ನಮ್ಮಲ್ಲಿ ಮಾತ್ರ ಹಾಗಾಗಿರಲಿಕ್ಕಿಲ್ಲ ಎನ್ನಲು ನನಗಂತೂ ಕಾರಣ ಕಾಣದು. ಹಾಗಾದರೆ ಹಳೆಯ ಮಾನದಂಡ ಇಂದಿನ ಮಗುವಿಗೆ ಬಿಟ್ಟಿಯಾಗಿ ಅಂಕ ಕೊಡುತ್ತದೆ. ಕೇಳಲು ಹಿತ, ಆದರೆ ನೆರವು ಬೇಕಾದ ಹುಡುಗ ಅದೇ ಅಂಕದಿಂದಾಗಿ ಗೆರೆ ದಾಟಿ ಹೊರಗುಳಿಯುತ್ತಾನೆ. ಅಮೆರಿಕದಲ್ಲಿ ಇದು ಪ್ರಾಣದ ಪ್ರಶ್ನೆಯೂ ಆಯಿತು. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೂಡದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ, ಹಳೆಯ ಪರೀಕ್ಷೆಯ ಅಂಕದಿಂದ ಎಷ್ಟು ಕಳೆಯಬೇಕು ಎಂದು ವಕೀಲರು ವಾದಿಸತೊಡಗಿದರು.

ಪ್ರಶ್ನೆಗಳೂ ಮುಪ್ಪಾಗುತ್ತವೆ. ಬಿನೆ ಮಕ್ಕಳ ಮುಂದೆ ನಾಣ್ಯ ಇಟ್ಟು ಎಣಿಸಲು, ಹೆಸರಿಸಲು ಹೇಳುತ್ತಿದ್ದರು. ಇವತ್ತು ನಾನು ಐದು, ಎರಡು, ಒಂದು ರೂಪಾಯಿ ಹರಡಿದರೆ ಸಂತೆಯಲ್ಲಿ ಅಮ್ಮನ ಜೊತೆ ಸೊಪ್ಪು ಮಾರುವ ಹುಡುಗಿ ಕ್ಷಣದಲ್ಲಿ ಕೂಡಿಸಿ ಹೇಳುತ್ತಾಳೆ. ಅಪ್ಪ ಎಲ್ಲದಕ್ಕೂ ಫೋನ್‌ಪೇ ಮಾಡುವ ಮನೆಯ ಹುಡುಗ ಎರಡರ ನಾಣ್ಯವನ್ನು ಒಂದು ಎನ್ನುತ್ತಾನೆ. ಅವನ ಬುದ್ಧಿ ಅಳೆದೆನೋ, ಅವರಪ್ಪನ ಜೇಬು ಅಳೆದೆನೋ?

ಇದರ ಮೇಲೆ ಆ ದಿನದ ಏರುಪೇರು ಬೇರೆ. ಫಿಟ್ಸ್ ಮಾತ್ರೆ ನುಂಗಿ ತೂಕಡಿಸುವ ಮಗು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಸ್ಸು ಹಿಡಿದು ಬಂದ ಮಗು ಮರುವಾರ ಬೇರೆ ಅಂಕ ತೆಗೆಯಬಹುದು. ಒಳ್ಳೆಯ ಪರೀಕ್ಷೆಯೂ ಐದು ಅಂಕ ಆಚೀಚೆ ಆಗುವುದುಂಟು. ಆದ್ದರಿಂದ ತಾಯಿಯ ಜೊತೆಗೂ ಮಾತಾಡುತ್ತೇನೆ: ಗುಂಡಿ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಹೋಗಿ ಸಾಮಾನು ತರುತ್ತಾನಾ, ರಸ್ತೆ ದಾಟುತ್ತಾನಾ? ಅದಕ್ಕೂ ಅಳತೆಗೋಲಿದೆ, ಎಡ್ಗರ್ ಡಾಲ್ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ರೂಪಿಸಿದ್ದನ್ನು ನಾಗಪುರದ ಮ್ಯಾಲಿನ್ ನಮ್ಮ ದೇಶಕ್ಕೆ ಹೊಂದಿಸಿದ್ದಾರೆ. ಎರಡೂ ಒಂದೇ ಕಡೆ ಬೊಟ್ಟು ಮಾಡಿದರೆ ಧೈರ್ಯ. ಬೇರೆ ಬೇರೆ ಹೇಳಿದರೆ ಇನ್ನೊಂದು ದಿನ ಕರೆಸುತ್ತೇನೆ.

ಭಾರತದ ಮಕ್ಕಳ ಮೇಲೆಯೇ ಹೊಸದಾಗಿ ಹೊಂದಿಸಿದ ವೆಕ್ಸ್‌ಲರ್ ಪರೀಕ್ಷೆ ಇದೆ, ಆದರೆ ಕಿಟ್ ದುಬಾರಿ. ಕನ್ನಡದಲ್ಲಿ ಈ ಕೆಲಸ ಮತ್ತೆ ಆಗಬೇಕು. ಧಾರವಾಡದ ಜೊತೆಗೆ ಬೀದರ್, ಚಾಮರಾಜನಗರದ ಮಕ್ಕಳು ಬೇಕು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡಿ ಶಾಲೆಯಲ್ಲಷ್ಟೇ ಕನ್ನಡ ಕೇಳುವವರು ಬೇಕು. ಇಟ್ಟಿಗೆ ಭಟ್ಟಿಯ ಪಕ್ಕದ ಅಂಗನವಾಡಿಯವರೂ ಬೇಕು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು. ಖರ್ಚಿನ ಕೆಲಸ, ಹೆಸರು ತರುವ ಕೆಲಸವೂ ಅಲ್ಲ.

ಸದ್ಯಕ್ಕೆ ನಾನು ವರದಿಯಲ್ಲಿ ಪರೀಕ್ಷೆಯ ಹೆಸರು, ಅದರ ಮಾನದಂಡ ಯಾವ ಕಾಲದ್ದು ಎಂಬುದು, "69ರಿಂದ 79ರ ನಡುವೆ" ಎಂಬ ಮಾತು ಮೂರನ್ನೂ ಬರೆಯುತ್ತೇನೆ. ಗೆರೆಯ ಹತ್ತಿರದ ಮಕ್ಕಳನ್ನು ಹೊಸ ಕಿಟ್ ಇರುವ ಆಸ್ಪತ್ರೆಗೆ ಕಳಿಸುತ್ತೇನೆ. ಅದಕ್ಕಾಗಿ ಒಬ್ಬ ತಾಯಿ ಇನ್ನೊಂದು ದಿನದ ಕೂಲಿ ಬಿಡಬೇಕು.