ಕಿಟಕಿಯಿಂದ ಹೊರಗೆ ಹೋದ ಗ್ಯಾಸು

ನಾನು ಮದುವೆಯಾಗಿ ಪುಣೆಗೆ ಬಂದ ಮರುವರ್ಷ, 1994ರ ದೀಪಾವಳಿಗೆ, ನಮ್ಮ ಮನೆಗೆ ಮೊದಲ ಫ್ರಿಜ್ ಬಂತು. 165 ಲೀಟರಿನದು. ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದ ಮೇಲೆಯೇ ಸ್ವಿಚ್ ಹಾಕಿದ್ದು. ದೋಸೆ ಹಿಟ್ಟು ಹುಳಿ ಬಾರದೆ ಮೂರು ದಿನ ನಿಲ್ಲುತ್ತದೆ ಎನ್ನುವುದೇ ಆಗ ನನಗೆ ದೊಡ್ಡ ವಿಜ್ಞಾನವಾಗಿತ್ತು.

1998ರ ಬೇಸಿಗೆಯಲ್ಲಿ ಅದರ ಕಂಪ್ರೆಸರ್ ಕೆಟ್ಟಿತು. ರಿಪೇರಿಗೆ ಬಂದ ಹುಡುಗ ಹಿಂಬದಿಯ ಕೊಳವೆಯನ್ನು ಕತ್ತರಿಸಿದ. ಬುಸ್ಸೆಂದು ಸದ್ದಾಯಿತು. “ಹಳೇ ಗ್ಯಾಸು, ಹೋಗಲಿ ಬಿಡಿ. ಕಿಟಕಿ ತೆಗೀರಿ” ಎಂದ. ತೆಗೆದೆ. ನೂರು ಗ್ರಾಮಿನ ಆಸುಪಾಸಿನಷ್ಟು ಗ್ಯಾಸು ಇದ್ದೀತು, ಕ್ಷಣದಲ್ಲಿ ಖಾಲಿಯಾಯಿತು. ಅದು ಸಿ.ಎಫ್.ಸಿ.-12, ಮೇಲೆ ಸುಮಾರು ನೂರು ವರ್ಷ ಬದುಕುವಂಥದ್ದು, ನನ್ನ ಮನೆಯಿಂದ ಹೋದದ್ದರಲ್ಲಿ ಮುಕ್ಕಾಲು ಪಾಲು ಇಂದಿಗೂ ನಮ್ಮ ತಲೆಯ ಮೇಲೆಯೇ ಇದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಇದನ್ನು ಈಗೇಕೆ ಹೇಳುತ್ತಿದ್ದೇನೆಂದರೆ, ಕಳೆದ ಗಣೇಶೋತ್ಸವದಲ್ಲಿ ನಮ್ಮ ಸಂಘದಲ್ಲಿ ನೀವು ಯುವಕ ಯುವತಿಯರು ನಡೆಸಿದ ಚರ್ಚೆಯನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಒಂದು ಪಕ್ಷ ತಂತ್ರಜ್ಞಾನವೇ ಭೂಮಿಯನ್ನು ಉಳಿಸುತ್ತದೆ ಎಂದಿತು, ಇನ್ನೊಂದು ಪಕ್ಷ ಅದೇ ಹಾಳು ಮಾಡಿತು, ಇನ್ನು ಎಲ್ಲ ಮುಗಿದಂತೆ ಎಂದಿತು. ನನ್ನ ಮಗಳು ಎರಡನೆಯ ಪಕ್ಷ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ರಸಾಯನಶಾಸ್ತ್ರವೆಂದರೆ ಈಗಲೂ ಅಂಜಿಕೆ. ಆದರೂ ನನ್ನ ಫ್ರಿಜ್ಜಿನ ಕಥೆ ಎರಡೂ ಪಕ್ಷಕ್ಕೆ ಹೊಂದುವುದಿಲ್ಲ ಎನ್ನಿಸಿತು.

ಮೊದಮೊದಲಿನ ಫ್ರಿಜ್ಜುಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ಗಳಂಥ ವಿಷಾನಿಲಗಳಿರುತ್ತಿದ್ದವು. ಸೋರಿದರೆ ಜೀವಕ್ಕೇ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್ಲಿ ಮತ್ತು ಸಂಗಡಿಗರು ಬದಲಿಗೆ ಸಿ.ಎಫ್.ಸಿ.ಯನ್ನು ಮುಂದೆ ತಂದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್ಜ್ಲಿ ಅದನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೋಂಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರಂತೆ. ವಿಷವಲ್ಲ, ಹೊತ್ತಿಕೊಳ್ಳುವುದೂ ಇಲ್ಲ! ಗೃಹಿಣಿಯರ ಪಾಲಿಗೆ ಅದು ವರವೇ ಸರಿ. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಹಾನುಭಾವರದ್ದು. ಅದು ಬೇರೆಯೇ ಒಂದು ಲೇಖನವಾದೀತು.)

1974ರಲ್ಲಿ ಮೆಕ್ಸಿಕೋದಿಂದ ಬಂದಿದ್ದ ಮಾರಿಯೋ ಮೊಲಿನಾ ಎಂಬ ತರುಣ ಮತ್ತು ಅವರ ಗುರು ಶೆರ್‌ವುಡ್ ರೋಲೆಂಡ್ ಒಂದು ಸರಳ ಪ್ರಶ್ನೆ ಕೇಳಿದರು: ಯಾವುದರ ಜೊತೆಗೂ ಬೆರೆಯದ ಈ ಅನಿಲ ಕೊನೆಗೆ ಹೋಗುವುದಾದರೂ ಎಲ್ಲಿಗೆ? ನಿಧಾನವಾಗಿ ಮೇಲೇರಿ, ಓಝೋನ್ ಪದರವನ್ನು ಸೇರಿ, ಅಲ್ಲಿನ ಕಡು ಬಿಸಿಲಿಗೆ ಒಡೆದು ಕ್ಲೋರಿನ್ ಬಿಡುತ್ತದೆ ಎಂಬುದು ಅವರಿಗೆ ದೊರೆತ ಉತ್ತರ. ಒಂದೊಂದು ಕ್ಲೋರಿನ್ ಪರಮಾಣು ಒಂದು ಲಕ್ಷದವರೆಗೆ ಓಝೋನ್ ಅಣುಗಳನ್ನು ನುಂಗಬಲ್ಲದು. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಆ ಪದರ ತೆಳುವಾದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ, ಪೈರಿಗೂ ಹಾನಿ. ತಯಾರಕರು ಒಪ್ಪಲಿಲ್ಲ, ಅವರ ವಾದ ವರ್ಷಗಟ್ಟಲೆ ನಡೆಯಿತು. 1985ರಲ್ಲಿ ಅಂಟಾರ್ಕ್ಟಿಕಾದ ಬ್ರಿಟಿಷ್ ವಿಜ್ಞಾನಿಗಳು, ವಸಂತ ಬಂದಾಗಲೆಲ್ಲ ಅಲ್ಲಿನ ಓಝೋನ್ ಭಾರಿ ಪ್ರಮಾಣದಲ್ಲಿ ಕುಸಿಯುತ್ತಿರುವುದನ್ನು ಪ್ರಕಟಿಸಿದ ಮೇಲೆ ಲೋಕ ಬೆಚ್ಚಿತು. ಅವರು ವರ್ಷವರ್ಷವೂ ಬೇಸರಪಡದೆ ಬರೆದಿಟ್ಟ ಅಳತೆಗಳಿಲ್ಲದಿದ್ದರೆ ಇದು ಬೆಳಕಿಗೆ ಬರುತ್ತಿರಲಿಲ್ಲ.

ಅಳತೆಯ ಮಾತು ಬಂದಾಗ ಅಣ್ಣಾ ಮಣಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಬಳಿ ದುಡಿದು, 1948ರಲ್ಲಿ ನಮ್ಮ ಈ ಪುಣೆಯ ಹವಾಮಾನ ಇಲಾಖೆಗೆ ಬಂದವರು. ಎಂ.ಎಸ್ಸಿ. ಇಲ್ಲವೆಂದು ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಬಲೂನಿಗೆ ಕಟ್ಟಿ ಮೇಲೆ ಕಳಿಸಿ ಓಝೋನನ್ನು ಅಳೆಯುವ ಉಪಕರಣವನ್ನು 1960ರ ದಶಕದಲ್ಲಿ ನಮ್ಮ ದೇಶದಲ್ಲೇ ಸಿದ್ಧಪಡಿಸಿದ್ದು ಅವರ ನೇತೃತ್ವದಲ್ಲಿ. ಆಗ ಇದರಿಂದೇನು ಲಾಭ ಎಂದು ಕೇಳಿದವರೂ ಇದ್ದಿರಬಹುದು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಸಿ.ಎಫ್.ಸಿ.ಯನ್ನು ಹಂತಹಂತವಾಗಿ ಕೈಬಿಡಬೇಕು. ಭಾರತ ಕೂಡಲೇ ಸೇರಲಿಲ್ಲ, ಸೇರದ್ದು ತಪ್ಪೆಂದೂ ನಾನು ಹೇಳಲಾರೆ. ದಶಕಗಟ್ಟಲೆ ಬಳಸಿದವರು ಶ್ರೀಮಂತ ರಾಷ್ಟ್ರಗಳು, ನಮ್ಮ ಮನೆಗಳಿಗೆ ಫ್ರಿಜ್ ಬರುವ ಹೊತ್ತಿಗೆ ನಿಷೇಧವೇ? 1990ರ ಲಂಡನ್ ಸಭೆಯಲ್ಲಿ ಭಾರತ, ಚೀನಾಗಳು ಪಟ್ಟು ಹಿಡಿದವು. ಬಡ ದೇಶಗಳು ಹೊಸ ತಂತ್ರಜ್ಞಾನಕ್ಕೆ ಬದಲಾಗಲು ನಿಧಿಯೊಂದು ಏರ್ಪಾಡಾಯಿತು. 1992ರಲ್ಲಿ ನಾವು ಸೇರಿದೆವು. ಇಂದು ಜಗತ್ತಿನ ಎಲ್ಲ ರಾಷ್ಟ್ರಗಳೂ ಅದರಲ್ಲಿವೆ. ಎಲ್ಲರೂ ಸಹಿ ಹಾಕಿದ ಇಂಥ ಒಪ್ಪಂದ ಹುಡುಕಿದರೂ ಸಿಗುವುದು ಕಷ್ಟ.

ಫಲ? ಈಗಿನಂತೆಯೇ ನಡೆದರೆ ಓಝೋನ್ ಪದರ ಜಗತ್ತಿನ ಬಹುಭಾಗದಲ್ಲಿ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ, 1980ರಲ್ಲಿದ್ದ ಸ್ಥಿತಿಗೆ ಮರಳೀತೆಂದು ವಿಶ್ವಸಂಸ್ಥೆಯ ಬೆಂಬಲದ ವಿಜ್ಞಾನಿಗಳು 2023ರ ಜನವರಿಯಲ್ಲಿ ತಿಳಿಸಿದರು. 2066ನ್ನು ನಾನು ನೋಡಲಾರೆ, ನೀವು ನೋಡುತ್ತೀರಿ.

ಇಷ್ಟಕ್ಕೇ ಕಥೆ ಸುಖಾಂತವಾಗಲಿಲ್ಲ. ಬದಲಿಗೆ ಬಂದ ಎಚ್.ಎಫ್.ಸಿ.ಗಳು ಓಝೋನಿಗೆ ಏನೂ ಮಾಡವು, ಆದರೆ ಶಾಖವನ್ನು ಹಿಡಿದಿಡುವುದರಲ್ಲಿ ಕೆಲವು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಆದ್ದರಿಂದ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂತು ಅವನ್ನೂ ತಗ್ಗಿಸಲು ಒಪ್ಪಿದರು. ಭಾರತ ತನ್ನ ಬಳಕೆಯನ್ನು 2032ರಿಂದ ಇಳಿಸತೊಡಗಿ 2047ರೊಳಗೆ ಶೇ. 85ರಷ್ಟು ಕಡಿಮೆ ಮಾಡಬೇಕು. ನನ್ನ ಈಗಿನ ಫ್ರಿಜ್ಜಿನಲ್ಲಿರುವುದು ಐಸೊಬ್ಯುಟೇನ್, ಅಡುಗೆ ಅನಿಲದ ಹತ್ತಿರದ ಸಂಬಂಧಿ. ಹೊತ್ತಿಕೊಳ್ಳುತ್ತದೆ ಎಂದು ಮಿಡ್ಜ್ಲಿಯವರ ಕಾಲದಲ್ಲಿ ಯಾವುದಕ್ಕೆ ಹೆದರಿದ್ದರೋ ಅದನ್ನೇ ಸ್ವಲ್ಪ ಪ್ರಮಾಣದಲ್ಲಿ, ಜಾಗ್ರತೆಯಿಂದ ತುಂಬುತ್ತಾರೆ.

ಕಳೆದ ಏಪ್ರಿಲಿನಲ್ಲಿ ನಮ್ಮ ಹಳೆಯ ಎ.ಸಿ. ಕೆಟ್ಟಿತು. ಅದರಲ್ಲಿದ್ದದ್ದು ಆರ್-22, ಅದೂ ಓಝೋನಿಗೆ ಹಾನಿ ಮಾಡುವಂಥದ್ದೇ. ಬಂದ ಹುಡುಗ ಸ್ಪ್ಯಾನರ್ ಹಿಡಿದು, “ಹಳೇ ಗ್ಯಾಸು ಬಿಡ್ತೀನಿ, ಕಿಟಕಿ ತೆಗೀರಿ ಆಂಟಿ” ಎಂದ. ಬೇಡ, ಸಿಲಿಂಡರಿಗೆ ಹಿಡಿದು ತುಂಬಿಕೊಂಡು ಹೋಗು ಎಂದೆ. ಅಂಥ ಯಂತ್ರ ತನ್ನಲ್ಲಿಲ್ಲವೆಂದು ನಕ್ಕು ಹೋದ. ಎರಡನೆಯ ಅಂಗಡಿಯವರಿಗೆ ನಾನು ಹೇಳಿದ್ದು ತಿಳಿಯಲಿಲ್ಲ. ಮೂರನೆಯವರಲ್ಲಿ ಯಂತ್ರವಿತ್ತು, ಎರಡು ದಿನ ಬಿಟ್ಟು ಬಂದರು, ದುಡ್ಡೂ ಹೆಚ್ಚು ತೆಗೆದುಕೊಂಡರು. ಆ ಎರಡು ದಿನದ ಸೆಕೆಯಲ್ಲಿ ಮಗಳು ನನ್ನ ಮೇಲೆ ಎಷ್ಟು ರೇಗಿದಳೆಂದು ಹೇಳುವುದು ಬೇಡ. ಸಂಜೆ ನಮ್ಮ ಯಜಮಾನರು ಬಿಲ್ಲು ನೋಡಿ, “ಏನೇ ಇದು, ಹೋಗೋ ಗಾಳಿಗೂ ದುಡ್ಡು ಕೊಟ್ಯಾ?” ಎಂದರು.

ಹೌದು ಎಂದೆ.