ಅಂಚೆ ಚೀಲಕ್ಕೆ ಪಾರ್ಸೆಲ್ ಭಾರ

ಭಾರತೀಯ ಅಂಚೆ ಇಲಾಖೆಗೆ 1.64 ಲಕ್ಷಕ್ಕೂ ಹೆಚ್ಚು ಕಚೇರಿಗಳಿವೆ. ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಾಡಿನಲ್ಲಿವೆ. ಕಾಗದ ಹಂಚಲೆಂದು ಊರೂರಿಗೆ ಹಬ್ಬಿದ ಈ ಜಾಲದ ಕೆಲಸ ಈಗ ಬೇರೆಯೇ ಆಗುತ್ತಿದೆ. ಕ್ಷೇಮ ಸಮಾಚಾರ ಮೊಬೈಲಿಗೆ ಹೋಯಿತು, ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಡೆನ್ಮಾರ್ಕ್‌ನಲ್ಲಂತೂ 1624ರಿಂದ ನಡೆದುಬಂದಿದ್ದ ಕಾಗದ ಬಟವಾಡೆಯನ್ನು ಅಂಚೆ ಸಂಸ್ಥೆ 2025ರ ಕೊನೆಗೆ ನಿಲ್ಲಿಸಿ, ಪಾರ್ಸೆಲ್‌ಗೆ ಮಾತ್ರ ಉಳಿದುಕೊಂಡಿತು. ಭಾರತ ಆ ಹಂತ ಮುಟ್ಟಿಲ್ಲ. ಆಧಾರ್ ಕಾರ್ಡು, ಪಾಸ್‌ಪೋರ್ಟು, ಕೋರ್ಟಿನ ನೋಟಿಸು ಇನ್ನೂ ಅಂಚೆಯಲ್ಲೇ ಬರುತ್ತವೆ. ಆದರೆ ಅವುಗಳ ಜೊತೆ ಅದೇ ಚೀಲದಲ್ಲಿ ಈಗ ಚಪ್ಪಲಿ, ಸೀರೆ, ಔಷಧಿಯ ಪೆಟ್ಟಿಗೆಗಳೂ ಇರುತ್ತವೆ.

ಅಂಗಡಿಗೆ ಹೋಗದೆ ಸರಕು ಕೊಳ್ಳುವುದು ಅಂಚೆಗೆ ಹೊಸತಲ್ಲ. ಸರಕು ಕೈಸೇರುವಾಗ ಹಣ ಕೊಡುವ ವಿ.ಪಿ.ಪಿ. ಪದ್ಧತಿ 1877ರಲ್ಲೇ ಬಂದಿತ್ತು. ಪ್ರಕಾಶಕರು ಪುಸ್ತಕದ ಕಟ್ಟನ್ನು ಅಂಚೆಗೆ ಹಾಕುತ್ತಿದ್ದರು. ಓದುಗರು ಪೋಸ್ಟ್‌ಮನ್ ಕೈಗೆ ಹಣ ಕೊಟ್ಟು ಅದನ್ನು ಬಿಡಿಸಿಕೊಳ್ಳುತ್ತಿದ್ದರು. ಆ ಹಣ ಮನಿಯಾರ್ಡರ್ ಆಗಿ ಪ್ರಕಾಶಕರಿಗೆ ಮರಳುತ್ತಿತ್ತು. ಪುಸ್ತಕದಂಗಡಿಯೇ ಇಲ್ಲದ ಊರುಗಳಿಗೆ ಕನ್ನಡ ಪುಸ್ತಕಗಳು ತಲುಪಿದ ದಾರಿಗಳಲ್ಲಿ ಇದೂ ಒಂದು. ಇಂದಿನ ಕ್ಯಾಶ್ ಆನ್ ಡೆಲಿವರಿ ನಿಂತಿರುವುದು ಇದೇ ಏರ್ಪಾಟಿನ ಮೇಲೆ. ವ್ಯತ್ಯಾಸ ಇರುವುದು ವೇಗದಲ್ಲಿ, ಮತ್ತು ದಾರಿಯಲ್ಲಿರುವ ಸರಕು ಎಲ್ಲಿದೆಯೆಂದು ಕೊಂಡವರಿಗೂ ಮಾರಿದವರಿಗೂ ಕಾಣುವುದರಲ್ಲಿ.

ಹೀಗೆ ಕಾಣುವಂತೆ ಮಾಡಿದ್ದು ಬಾರ್‌ಕೋಡ್. ಸ್ಪೀಡ್ ಪೋಸ್ಟ್ ಚೀಟಿಯ ಮೇಲಿನ ಸಂಖ್ಯೆಯಲ್ಲಿ 13 ಚಿಹ್ನೆಗಳಿರುತ್ತವೆ. ಮೊದಲ ಎರಡು ಅಕ್ಷರ ಸೇವೆಯ ಬಗೆಯನ್ನು, ಕೊನೆಯ ಎರಡು ದೇಶವನ್ನು ಹೇಳುತ್ತವೆ. ನಡುವಿನ ಒಂಬತ್ತು ಅಂಕಿಗಳಲ್ಲಿ ಎಂಟು ಮಾತ್ರ ಆ ಲಕೋಟೆಯ ಸ್ವಂತ ಸಂಖ್ಯೆ. ಒಂಬತ್ತನೆಯದು ಪರೀಕ್ಷೆಯ ಅಂಕಿ. ಎಂಟೂ ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಲ್ಲಿ ಕಳೆದರೆ ಸಾಮಾನ್ಯವಾಗಿ ಅದು ಸಿಗುತ್ತದೆ. ಒಂದು ಅಂಕಿ ತಪ್ಪಿ ಬಿದ್ದರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ, ಯಂತ್ರ ತಕ್ಷಣ ಹಿಡಿಯುತ್ತದೆ. ವಿಶ್ವ ಅಂಚೆ ಒಕ್ಕೂಟದ ದೇಶಗಳೆಲ್ಲ ಈ ಒಂದೇ ಮಾದರಿ ಒಪ್ಪಿರುವುದರಿಂದ ಗಡಿ ದಾಟಿದರೂ ಸಂಖ್ಯೆ ಬದಲಾಗುವುದಿಲ್ಲ. ಇಷ್ಟು ಸರಳವಾದ, ಇಷ್ಟು ದೂರ ನಡೆಯುವ ಏರ್ಪಾಟು ಅಪರೂಪ.

ದೇಶದ ಅಂಚೆಯ ತಂತ್ರಾಂಶ ರೂಪುಗೊಳ್ಳುವುದು ಮೈಸೂರಿನಲ್ಲಿ. ಅಲ್ಲಿನ ಅಂಚೆ ತಂತ್ರಜ್ಞಾನ ಉತ್ಕೃಷ್ಟತಾ ಕೇಂದ್ರ ಸಿದ್ಧಪಡಿಸಿದ ಹೊಸ ವ್ಯವಸ್ಥೆಯನ್ನು 2025ರ ಮೇ–ಜೂನ್‌ನಲ್ಲಿ ಮೊದಲು ಕರ್ನಾಟಕ ಅಂಚೆ ವೃತ್ತದಲ್ಲಿ ಪರೀಕ್ಷಿಸಿ, ಆಗಸ್ಟ್ ಹೊತ್ತಿಗೆ ದೇಶವಿಡೀ ಜಾರಿಗೊಳಿಸಲಾಯಿತು. ಬಟವಾಡೆಯ ಸಹಿ ಈಗ ಮೊಬೈಲ್ ಪರದೆಯ ಮೇಲೆ ಬೀಳುತ್ತದೆ, ಶುಲ್ಕವನ್ನು ಕ್ಯೂಆರ್ ಕೋಡ್ ತೋರಿಸಿ ಪಡೆಯುತ್ತಾರೆ. 2018ರಲ್ಲಿ ಆರಂಭವಾದ ಅಂಚೆ ಪಾವತಿ ಬ್ಯಾಂಕಿನ ಯಂತ್ರದಲ್ಲಿ ಹೆಬ್ಬೆಟ್ಟು ಇಟ್ಟು ಪಿಂಚಣಿ ಹಣವನ್ನು ಮನೆಯಲ್ಲೇ ಪಡೆಯುವವರೂ ಇದ್ದಾರೆ.

ವಿಳಾಸವೂ ಬದಲಾಗುತ್ತಿದೆ. 1972ರ ಆಗಸ್ಟ್ 15ರಂದು ಬಂದ ಆರು ಅಂಕಿಯ ಪಿನ್‌ಕೋಡ್ ಬಟವಾಡೆ ಕಚೇರಿಯವರೆಗೆ ಮಾತ್ರ ದಾರಿ ತೋರಿಸುತ್ತದೆ. ಅಲ್ಲಿಂದ ಮುಂದೆ ಮನೆ ಹುಡುಕುವುದು ಪೋಸ್ಟ್‌ಮನ್‌ನ ನೆನಪಿಗೆ ಬಿಟ್ಟದ್ದು. 2025ರ ಮೇ ತಿಂಗಳಲ್ಲಿ ಬಂದ ಡಿಜಿಪಿನ್ ದೇಶದ ನಕ್ಷೆಯನ್ನು 16 ಚೌಕಗಳಾಗಿ, ಪ್ರತಿ ಚೌಕವನ್ನು ಮತ್ತೆ 16 ಆಗಿ, ಹೀಗೆ ಹತ್ತು ಹಂತಗಳಲ್ಲಿ ಒಡೆದು ಸುಮಾರು ನಾಲ್ಕು ಮೀಟರ್ ಅಗಲದ ಚೌಕಕ್ಕೆ ಹತ್ತು ಚಿಹ್ನೆಗಳ ಗುರುತು ಕೊಡುತ್ತದೆ. ಮನೆ ನಂಬರೇ ಇಲ್ಲದ ತೋಟದ ಮನೆಗಳಿಗೆ ಇದರಿಂದ ಹೆಚ್ಚು ಉಪಯೋಗ.

ಸಣ್ಣ ಮಾರಾಟಗಾರರಿಗೆ ಇದೆಲ್ಲ ಒಂದು ಅವಕಾಶ. ರಾಜ್ಯದ ಮಾವು ನಿಗಮದ ಜಾಲತಾಣದಲ್ಲಿ ಹಣ್ಣು ಕೊಂಡರೆ, ಬೆಳೆಗಾರರ ಪೆಟ್ಟಿಗೆ ಪೋಸ್ಟ್‌ಮನ್ ಕೈಯಲ್ಲಿ ಬೆಂಗಳೂರಿನ ಮನೆಗೆ ಬರುವ ಏರ್ಪಾಟು 2019ರಲ್ಲಿ ಶುರುವಾಯಿತು. ಅಂಚೆಯ ರಫ್ತು ಕೇಂದ್ರಗಳಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಕರಕುಶಲ ವಸ್ತು ಮಾಡುವವರು ರಫ್ತಿನ ಕಾಗದಪತ್ರಗಳನ್ನು ತಮ್ಮ ಊರಿನ ಹತ್ತಿರವೇ ಮುಗಿಸಬಹುದು. ಪುಸ್ತಕದವರಿಗೆ ಮಾತ್ರ ಏಟು ಬಿದ್ದಿತ್ತು: ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಂದು ಬಂದ ಜ್ಞಾನ ಪೋಸ್ಟ್ ಆ ಕೊರತೆಯನ್ನು ಸ್ವಲ್ಪ ತುಂಬಿದೆ. ಅದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ.

ಖಾಸಗಿ ಕೊರಿಯರ್‌ಗಳು ಪಟ್ಟಣಗಳಲ್ಲಿ ಅಂಚೆಯನ್ನು ಹಿಂದೆ ಹಾಕಬಲ್ಲವು. ಗಿರಾಕಿ ವಿರಳವಾದ ಮಲೆನಾಡಿನ ಒಂಟಿಮನೆಗಳಿಗೆ ಹೋಗುವುದು ಅವುಗಳಿಗೆ ದುಬಾರಿ. ಅಂಥ ಕಡೆ ಸರಕನ್ನು ಮನೆಬಾಗಿಲಿಗೆ ಮುಟ್ಟಿಸುವವರು ಗ್ರಾಮೀಣ ಡಾಕ್ ಸೇವಕರು. ಅವರಿಗೆ ದೊರೆಯುವುದು ದಿನಕ್ಕೆ ನಾಲ್ಕೈದು ಗಂಟೆ ಕೆಲಸದ ಲೆಕ್ಕದ ಭತ್ಯೆ. ಶಾಖಾ ಅಂಚೆ ಕಚೇರಿಗೆ ಜಾಗ ಒದಗಿಸುವ ಹೊಣೆಯೂ ಅಲ್ಲಿನ ಪೋಸ್ಟ್‌ಮಾಸ್ಟರರದೇ. ಲಕೋಟೆಗಳ ಕಾಲಕ್ಕೆ ಒಂದು ಬೀರು, ಒಂದು ಸೈಕಲ್ಲು ಸಾಕಿತ್ತು. ಪೆಟ್ಟಿಗೆಗಳನ್ನು ಇಡಲು ಕೋಣೆ ಬೇಕು, ಒಯ್ಯಲು ಗಾಡಿ ಬೇಕು. ತಂತ್ರಾಂಶಕ್ಕೆ ಸಿಕ್ಕ ಗಮನ ಇವೆರಡಕ್ಕೆ ಇನ್ನೂ ಸಿಗಬೇಕಿದೆ.