ಮೆತ್ತಗಾದ ಬ್ರೇಕ್ ಪೆಡಲು: ಕಾರಣವನ್ನು ಪತ್ತೆಹಚ್ಚುವ ಬಗೆ

ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಂದದೆ ಎಲ್ಲ ಕಡೆಗೂ ಹರಡುತ್ತದೆಂಬ ಪ್ಯಾಸ್ಕಲನ ನಿಯಮಕ್ಕೆ ಕಾರಿನ ಬ್ರೇಕು ರೂಢಿಯ ನಿದರ್ಶನ. ಅದನ್ನು ಚಿತ್ರದಲ್ಲಿ ತೋರಿಸಿ ಮುಗಿಸುವುದಕ್ಕಿಂತ, ಬ್ರೇಕು ಕೈಕೊಟ್ಟ ಒಂದು ಸಂದರ್ಭವನ್ನು ವಿವರಿಸಿದರೆ ನಿಯಮವು ಮಕ್ಕಳಿಗೆ ಬೇಗ ಮನದಟ್ಟಾಗುತ್ತದೆ. ಸವೆದ ಬ್ರೇಕ್ ಪ್ಯಾಡುಗಳನ್ನು ತೆಗೆದು ಹೊಸವನ್ನು ಹಾಕಿದ್ದಾಗಿದೆ. ಆದರೆ ಗಟ್ಟಿಯಾಗಿದ್ದ ಪೆಡಲು ಈಗ ಕಾಲಿನಡಿ ಕುಸಿಯುತ್ತಿದೆ. ಏಕೆ?

ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ದ್ರವವು ಕೊಳವೆಗಳ ಮೂಲಕ ಚಕ್ರದ ಬಳಿಯ ಕ್ಯಾಲಿಪರನ್ನು ಸೇರಿ, ಅಲ್ಲಿನ ಪಿಸ್ಟನ್ನನ್ನು ದೂಡುತ್ತದೆ. ಪಿಸ್ಟನ್ನು ಪ್ಯಾಡುಗಳು ಡಿಸ್ಕನ್ನು ಕಚ್ಚುವಂತೆ ಮಾಡುತ್ತದೆ. ಹೊಸ ಪ್ಯಾಡುಗಳು ದಪ್ಪವಾದುದರಿಂದ ಅವುಗಳಿಗೆ ಎಡೆಮಾಡಿಕೊಡಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಬಳಿಕ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಉಳಿದ ತೆರವನ್ನು ತುಂಬುವುದರಲ್ಲೇ ಮೊದಲ ಕೆಲವು ಒತ್ತುಗಳು ಕಳೆಯುತ್ತವೆ. ಆಮೇಲೆ ಪೆಡಲು ಗಟ್ಟಿಯಾಗಿ ಹಾಗೆಯೇ ನಿಂತರೆ ದೋಷವೇನೂ ಇಲ್ಲ. ಆದರೆ ಈ ಕೆಲಸವು ಕಾರು ಚಲಿಸುವ ಮೊದಲೇ ಆಗಬೇಕು. ಮರೆತು ಹೊರಟವರಿಗೆ ಮೊದಲ ತಿರುವಿನಲ್ಲಿ ಬ್ರೇಕು ದೊರೆಯುವುದಿಲ್ಲ. ಹಳೆಯ ಕಾರಾದರೆ ಪೆಡಲನ್ನು ತಳದವರೆಗೆ ತುಳಿಯದೆ ಅರ್ಧದಷ್ಟೇ ಒತ್ತುವುದು ಲೇಸು. ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗಕ್ಕೆ ರಬ್ಬರಿನ ಸೀಲು ಎಂದೂ ಹೋಗದಿರುವುದರಿಂದ ಅಲ್ಲಿ ತುಕ್ಕೂ ಕೊಳೆಯೂ ಕೂತಿದ್ದು, ಸೀಲು ಹರಿಯುವ ಸಂಭವವಿದೆ.

ಇಷ್ಟಾದರೂ ಪೆಡಲು ಮೆತ್ತಗಿದ್ದರೆ, ನಿಂತ ಕಾರಿನಲ್ಲಿ ಎಂಜಿನ್ ಆರಿಸಿ ಕಾಲಿನಿಂದಲೇ ಪರೀಕ್ಷಿಸಬಹುದು. ಬೇಗಬೇಗನೆ ಒತ್ತಿದಾಗ ಪೆಡಲು ಮೇಲೇರಿ ಗಟ್ಟಿಯಾಗಿ, ತುಸು ಹೊತ್ತು ಬಿಟ್ಟರೆ ಮತ್ತೆ ಕುಸಿಯುವುದಾದರೆ ಕೊಳವೆಯಲ್ಲಿ ಗಾಳಿ ಸೇರಿರುವುದು ಬಹುಮಟ್ಟಿಗೆ ನಿಜ. ದ್ರವವು ಕುಗ್ಗುವುದಿಲ್ಲವೆನ್ನಬಹುದಾದಷ್ಟು ಕಡಿಮೆ ಕುಗ್ಗುತ್ತದೆ. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಆದಕಾರಣ ಕಾಲಿನ ಶ್ರಮವು ಪ್ಯಾಡನ್ನು ಒತ್ತುವ ಬದಲು ಗುಳ್ಳೆಯನ್ನು ಹಿಂಡುವುದರಲ್ಲಿ ಕಳೆಯುತ್ತದೆ. ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಪ್ಯಾಡು ಬದಲಿಸಲು ದ್ರವದ ದಾರಿಯನ್ನು ತೆರೆಯಬೇಕಾಗಿಲ್ಲ. ಹಾಗಾದರೆ ಗಾಳಿ ಹೊಕ್ಕಿದ್ದೆಲ್ಲಿಂದ? ಪಿಸ್ಟನ್ನನ್ನು ತಳ್ಳುವಾಗ ನಿಪ್ಪಲನ್ನು ಸಡಿಲಿಸಿ ಸರಿಯಾಗಿ ಬಿಗಿಯದೆ ಬಿಟ್ಟಿರಬಹುದು, ದ್ರವದ ಡಬ್ಬಿ ಬರಿದಾಗಿರಬಹುದು. ಕ್ಯಾಲಿಪರುಗಳನ್ನೇ ಕಳಚಿದ್ದರೆ ಎಡಬಲ ಅದಲುಬದಲಾಗಿ ನಿಪ್ಪಲು ಕೆಳಮುಖವಾಗಿರಲೂಬಹುದು. ಆಗ ಎಷ್ಟು ಬಾರಿ ಗಾಳಿ ತೆಗೆದರೂ ಮೇಲೆ ನಿಂತ ಗುಳ್ಳೆ ಹೊರಬಾರದು.

ಒತ್ತಿಹಿಡಿದ ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ದ್ರವವು ಎಲ್ಲಿಯೋ ಸೋರುತ್ತಿದೆ. ಚಕ್ರಗಳ ಬಳಿ ಒದ್ದೆಯಿಲ್ಲದೆ, ಡಬ್ಬಿಯ ಮಟ್ಟವೂ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲನ್ನು ಶಂಕಿಸಬೇಕು. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು. ಇನ್ನು ಎಷ್ಟು ಸಲ ಒತ್ತಿದರೂ ಒಂದೇ ಬಗೆಯ ಸ್ಪ್ರಿಂಗಿನಂಥ ಮಿದುತನ ಉಳಿದರೆ, ಪ್ಯಾಡು ಓರೆಯಾಗಿ ಕೂತಿರುವುದು, ಕ್ಯಾಲಿಪರು ಜಾರುವ ಪಿನ್ನು ಹಿಡಿದುಕೊಂಡಿರುವುದು, ರಬ್ಬರ್ ಹೋಸು ಉಬ್ಬುತ್ತಿರುವುದು ಇವುಗಳನ್ನು ನೋಡಬೇಕು.

ಬ್ರೇಕ್ ಆಯಿಲ್ ಎಂದು ಜನ ಕರೆಯುವ ದ್ರವವು ಸಾಮಾನ್ಯವಾಗಿ ಎಣ್ಣೆಯೇ ಅಲ್ಲ. ಅದರಲ್ಲಿ ಎಂಜಿನ್ ಆಯಿಲ್ ಬೆರೆತರೆ ಸೀಲುಗಳು ಉಬ್ಬಿ ಕೆಡುತ್ತವೆ. ಅದು ತೇವವನ್ನೂ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವವು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಸೇರಿದ ಸ್ಥಿತಿಗೆ ನಿಗದಿಯಾದ ಮಿತಿ 155 ಡಿಗ್ರಿ. ಹೀಗಾಗಿ ಹಳೆಯ ದ್ರವವುಳ್ಳ ಕಾರಿನ ಪೆಡಲು ಗ್ಯಾರೇಜಿನಲ್ಲಿ ಗಟ್ಟಿಯಾಗಿದ್ದರೂ, ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳಲ್ಲಿ ಬ್ರೇಕನ್ನೇ ನೆಚ್ಚಿ ಇಳಿದರೆ ಕಾದು, ಒಳಗೆ ಆವಿ ಹುಟ್ಟಿ, ಮೆತ್ತಗಾಗಬಲ್ಲದು. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಚಾಲಕರು ಹೇಳುವುದು ಈ ಕಾರಣದಿಂದಲೇ.

ತರಗತಿಯಲ್ಲಿ ಇದನ್ನು ತೋರಿಸಲು ಸೂಜಿಯಿಲ್ಲದ ಎರಡು ಸಿರಿಂಜುಗಳೂ ಅವುಗಳನ್ನು ಕೂಡಿಸುವ ತೆಳುವಾದ ಕೊಳವೆಯೂ ಸಾಕು. ನೀರನ್ನಷ್ಟೇ ತುಂಬಿ ಒಂದನ್ನು ಒತ್ತಿದರೆ ಇನ್ನೊಂದು ಒಡನೆಯೇ ಏಳುತ್ತದೆ. ಅದರ ಮೇಲೊಂದು ಪುಸ್ತಕವನ್ನು ಹೇರಿ, ನೀರಿನೊಳಗೆ ತುಸು ಗಾಳಿಯನ್ನು ಸೇರಿಸಿ ಒತ್ತಿದರೆ, ಬೆರಳು ಮುಂದೆ ಹೋದರೂ ಪುಸ್ತಕ ಏಳಲು ತಡವಾಗುತ್ತದೆ. ಆ ಗುಳ್ಳೆಯನ್ನು ಹೊರಹಾಕುವಂತೆ ಮಕ್ಕಳಿಗೆ ಹೇಳಿದರೆ, ಸಿರಿಂಜಿನ ಬಾಯಿಯನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕೆಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಕ್ಯಾಲಿಪರಿನ ನಿಪ್ಪಲು ಮೇಲ್ಗಡೆಯೇ ಏಕಿದೆಯೆಂಬ ಪ್ರಶ್ನೆಯನ್ನು ಆಗ ಎತ್ತಬಹುದು.